ಒಂದೇ ಜಮಖಾನದ ಮೇಲೆ ಗುಡಿ, ಮಸೀದಿ, ಬಸದಿ, ಚರ್ಚು: ಊರಿನ ಶಾಂತಿಗೆ ಧರ್ಮದವರನ್ನು ಸೇರಿಸುವುದು ಹೇಗೆ?

ಶ್ರವಣಬೆಳಗೊಳಕ್ಕೆ ಹೋದವರು ಬೆಟ್ಟ ಹತ್ತುತ್ತಾರೆ, ಬಾಹುಬಲಿಯನ್ನು ನೋಡುತ್ತಾರೆ, ಇಳಿದು ಎಳನೀರು ಕುಡಿದು ಬಸ್ಸು ಹಿಡಿಯುತ್ತಾರೆ. ಕೆಳಗೆ ಊರೊಳಗಿನ ಭಂಡಾರಿ ಬಸದಿಯಲ್ಲಿ 1368ರ ಒಂದು ಶಾಸನ ಇದೆ. ಅದರ ಮುಂದೆ ನಿಲ್ಲುವವರು ಕಡಿಮೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಿತ್ತು. ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಬುಕ್ಕ ಎರಡೂ ಕಡೆಯವರನ್ನು ಕರೆಸಿದ. ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ, ಅಂದರೆ ಎರಡು ಮತಗಳಿಗೂ, ಭೇದವಿಲ್ಲ ಅಂದ.

ನಮ್ಮ ವೇದಿಕೆಯ ಭಾಷಣಗಳು ಇಲ್ಲಿಗೆ ಮುಗಿಯುತ್ತವೆ. ಶಾಸನ ಮುಗಿಯುವುದಿಲ್ಲ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಇರಬೇಕು. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ (ಹಣ ಅಂದರೆ ಆಗಿನ ಒಂದು ನಾಣ್ಯ) ಕೊಡಬೇಕು. ಆ ದುಡ್ಡಿನಿಂದ ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ 20 ಕಾವಲಿನವರನ್ನು ನೇಮಿಸಬೇಕು. ಮಿಕ್ಕ ದುಡ್ಡಿನಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಈ ಶಾಸನವನ್ನು ಬಸದಿಗಳಲ್ಲಿ ಶ್ರೀವೈಷ್ಣವರೇ ನೆಡಬೇಕು.

ಕೈ ಹಿಡಿಸಿದ ಸಾಲಿಗಿಂತ ನನಗೆ ಸುಣ್ಣದ ಸಾಲೇ ಜಾಸ್ತಿ ಇಷ್ಟ. ಯಾರು ಮಾಡಬೇಕು, ಎಷ್ಟು ದುಡ್ಡು, ಎಷ್ಟು ಜನ, ಉಳಿದಿದ್ದು ಎಲ್ಲಿಗೆ ಹೋಗಬೇಕು, ಎಲ್ಲ ಬರೆದಿಟ್ಟಿದ್ದಾರೆ. ನಾನು ಬೇಲೂರು, ಚಿಕ್ಕಮಗಳೂರು ನಡುವಿನ ಒಂದು ಸಣ್ಣ ಊರಿನ ಸೌಹಾರ್ದ ಬಳಗದಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ನಾವು ಎಡವಿದ್ದೆಲ್ಲ ಈ ಸುಣ್ಣದ ಲೆಕ್ಕ ಬಿಟ್ಟಾಗಲೇ. ನಿಮ್ಮ ಊರಲ್ಲೂ ಇಂಥ ಒಂದು ಬಳಗ ಕಟ್ಟಬೇಕು ಅಂತಿದ್ದರೆ ಕೆಳಗಿನ ಹಂತಗಳು ಕೆಲಸಕ್ಕೆ ಬರಬಹುದು.

ಹಂತ 1: ಕರೆಯುವವರು ಯಾರು ಅಂತ ಮೊದಲು ತೀರ್ಮಾನಿಸಿ

ಒಬ್ಬರೇ ಶುರು ಮಾಡಬೇಡಿ. ಬೇರೆ ಬೇರೆ ಸಮುದಾಯದ ಇಬ್ಬರು ಬೇಕೇ ಬೇಕು. ಮೂರು ಜನ ಆದರೆ ಇನ್ನೂ ಒಳ್ಳೆಯದು. ಮುಂದಿನ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ಲುವ ಯೋಚನೆ ಇರುವವರು ಈ ಮೂವರಲ್ಲಿ ಇರಬಾರದು. ಅವರು ಕೆಟ್ಟವರು ಅಂತಲ್ಲ. ಊರಿನವರು ಮೊದಲು ಕೇಳುವ ಪ್ರಶ್ನೆಯೇ "ಇದರಿಂದ ಇವರಿಗೇನು ಲಾಭ?" ಅಂತ. ಅದಕ್ಕೆ ಉತ್ತರ "ಏನೂ ಇಲ್ಲ" ಅಂತಲೇ ಇರಬೇಕು.

ದೊಡ್ಡ ಮಟ್ಟದಲ್ಲೂ ಇದು ಹೀಗೇ ನಡೆದಿದೆ. ಆಫ್ರಿಕಾದ ಮೊಜಾಂಬಿಕ್‌ನಲ್ಲಿ 1977ರಿಂದ ಅಂತರ್ಯುದ್ಧ ಇತ್ತು. ಸರ್ಕಾರವನ್ನೂ ಬಂಡುಕೋರರನ್ನೂ ಎದುರುಬದುರು ಕೂರಿಸಿದ್ದು ಯಾವ ದೊಡ್ಡ ದೇಶವೂ ಅಲ್ಲ, ರೋಮ್‌ನ ಸಾಂತ್ ಎಜಿಡಿಯೊ ಎಂಬ ಕ್ಯಾಥೊಲಿಕ್ ಭಕ್ತರ ಬಳಗ. ಅವರ ಹತ್ತಿರ ಸೈನ್ಯ ಇರಲಿಲ್ಲ, ಯಾರನ್ನೂ ಹೆದರಿಸುವ ಶಕ್ತಿ ಇರಲಿಲ್ಲ. ಆದರೆ ಅದಕ್ಕೂ ಮುಂಚಿನಿಂದ ಆ ದೇಶಕ್ಕೆ ಆಹಾರ, ಔಷಧಿ ಕಳಿಸುತ್ತಿದ್ದರು. ಎರಡೂ ಕಡೆಯವರ ಪರಿಚಯ ಇತ್ತು. 1990ರಲ್ಲಿ ಮಾತುಕತೆ ಶುರುವಾಯಿತು, 1992ರ ಅಕ್ಟೋಬರ್ 4ರಂದು ಒಪ್ಪಂದಕ್ಕೆ ಸಹಿ ಬಿತ್ತು. ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. ನಮಗೆ ಮೂರು ಮೀಟಿಂಗಿಗೇ ಸುಸ್ತಾಗುತ್ತದೆ, ಅಲ್ವಾ?

ಹಂತ 2: ಊರಿನ ಪಟ್ಟಿ ಮಾಡಿ, ಆದರೆ ಕಾವಿ, ಟೋಪಿ, ಶಿಲುಬೆ ನೋಡಿ ಅಲ್ಲ

ಸಾಮಾನ್ಯವಾಗಿ ಒಬ್ಬರು ಸ್ವಾಮೀಜಿ, ಒಬ್ಬರು ಮೌಲ್ವಿ, ಒಬ್ಬರು ಫಾದರ್, ಮೂರು ಶಾಲು, ಒಂದು ಫೋಟೊ. ಇಷ್ಟಕ್ಕೇ ಸೌಹಾರ್ದ ಆಯಿತು ಅಂದುಕೊಳ್ಳುತ್ತೇವೆ. ಆದರೆ ಮಸೀದಿಯ ಮೌಲ್ವಿ ಎಷ್ಟೋ ಕಡೆ ಬೇರೆ ಊರಿಂದ ಸಂಬಳಕ್ಕೆ ಬಂದವರು. ತೀರ್ಮಾನ ಜಮಾತಿನ ಅಧ್ಯಕ್ಷರದ್ದು, ಮಸೀದಿಯ ಆಸ್ತಿ ನೋಡಿಕೊಳ್ಳುವ ಮುತವಲ್ಲಿಯದ್ದು. ದೇವಸ್ಥಾನದಲ್ಲೂ ಅಷ್ಟೇ. ಪೂಜೆ ಅರ್ಚಕರದ್ದು, ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಅನ್ನುವುದು ವ್ಯವಸ್ಥಾಪನಾ ಸಮಿತಿಯದ್ದು. ಮುಜರಾಯಿ ದೇವಸ್ಥಾನ ಆದರೆ ಅಧಿಕಾರಿಗಳೂ ಇರುತ್ತಾರೆ. ಫಾದರ್ ಕೆಲವು ವರ್ಷಕ್ಕೆ ವರ್ಗ ಆಗುತ್ತಾರೆ. ಚಿಕ್ಕಮಗಳೂರು ಕ್ಯಾಥೊಲಿಕ್ ಧರ್ಮಪ್ರಾಂತಕ್ಕೆ ಹಾಸನ ಜಿಲ್ಲೆಯೂ ಸೇರಿದೆ, ವರ್ಗ ದೂರಕ್ಕೂ ಆಗಬಹುದು. ಹಾಗಾಗಿ ಫಾದರ್ ಜೊತೆಗೆ ಊರಲ್ಲೇ ಉಳಿಯುವ ಒಬ್ಬ ಚರ್ಚಿನ ಹಿರಿಯರೂ ಇರಲಿ.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ದೊಡ್ಡ ಪೀಠಗಳು ಜಾಸ್ತಿ. ಶೃಂಗೇರಿ, ಬಾಳೆಹೊನ್ನೂರಿನ ರಂಭಾಪುರಿ ಪೀಠ, ಶ್ರವಣಬೆಳಗೊಳದ ಜೈನ ಮಠ, ಎನ್.ಆರ್. ಪುರದ ಸಿಂಹನಗದ್ದೆ ಬಸದಿ. ಪೀಠಾಧಿಪತಿಗಳ ಆಶೀರ್ವಾದ ಸಿಕ್ಕರೆ ಸಂತೋಷ. ಆದರೆ ರಾತ್ರಿ 11 ಗಂಟೆಗೆ ಬೀದಿಯಲ್ಲಿ ಕಲ್ಲು ಬಿದ್ದರೆ ಓಡಿಬರುವವರು ಅವರಲ್ಲ. ಬರುವವರನ್ನು ಪಟ್ಟಿಗೆ ಸೇರಿಸಿ: ಗಣಪತಿ ಸಮಿತಿ ಹುಡುಗರು, ಮಿಲಾದ್ ಕಮಿಟಿ ಹುಡುಗರು, ದಲಿತ ಕೇರಿಯ ಯಜಮಾನರು, ಮನೆಯಲ್ಲೇ ಪ್ರಾರ್ಥನೆ ನಡೆಸುವ ಪಾಸ್ಟರ್, ತೋಟದ ಲೈನ್ ಮನೆಗಳ ಮೇಸ್ತ್ರಿ, ಆಟೊ ಸ್ಟ್ಯಾಂಡಿನ ಹಿರಿಯ.

ಇನ್ನಿಬ್ಬರನ್ನು ಎಲ್ಲರೂ ಮರೆಯುತ್ತಾರೆ. ಒಬ್ಬರು ಮೈಕ್ ಸೆಟ್ಟಿನವರು, ಇನ್ನೊಬ್ಬರು ಫ್ಲೆಕ್ಸ್ ಅಂಗಡಿಯವರು. ಎಲ್ಲ ಧರ್ಮದ ಕಾರ್ಯಕ್ರಮಕ್ಕೂ ಬಾಕ್ಸ್ ಕಟ್ಟುವವರು ಇವರೇ, ಬ್ಯಾನರ್ ಹೊಡೆಯುವವರು ಇವರೇ. ಯಾವ ಫ್ಲೆಕ್ಸಿನಲ್ಲಿ ಏನು ಬರೆಸಿದ್ದಾರೆ ಅಂತ ಪೊಲೀಸರಿಗಿಂತ ಮೊದಲು ಇವರಿಗೆ ಗೊತ್ತಿರುತ್ತದೆ.

ಹಂತ 3: ಸಭೆಗೆ ಮುಂಚೆ ಮನೆಮನೆಗೆ ಹೋಗಿ

ನಮ್ಮ ಮೊದಲ ಸಭೆ ನನ್ನಿಂದಲೇ ಕೆಟ್ಟಿತು. ಸಂಜೆ ಏಳಕ್ಕೆ ಕರೆದೆ. ಈರುಳ್ಳಿ ಬಜ್ಜಿ, ಕಾಫಿ ತರಿಸಿದೆ. ಜೈನ ಹಿರಿಯರೊಬ್ಬರು ನೀರನ್ನೂ ಮುಟ್ಟದೆ ಕೂತರು. ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ, ಈರುಳ್ಳಿಯಂತೂ ಇಲ್ಲವೇ ಇಲ್ಲ. ಸಾಬರು ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಬರುವಷ್ಟರಲ್ಲಿ ಅರ್ಧ ಸಭೆ ಆಗಿತ್ತು. "ನಮ್ಮನ್ನು ಬಿಟ್ಟು ಮಾತಾಡಿಬಿಟ್ರಾ" ಅಂತ ಒಬ್ಬರು ಕೇಳಿದರು. ತಮಾಷೆಗೇ ಕೇಳಿದ್ದು, ಆದರೆ ಪೂರ್ತಿ ತಮಾಷೆ ಅಲ್ಲ.

ಈಗ ನಾವು ಬೆಳಗ್ಗೆ ಹತ್ತೂವರೆಗೆ ಸೇರುತ್ತೇವೆ. ಶುಕ್ರವಾರ ಇಲ್ಲ, ಭಾನುವಾರ ಇಲ್ಲ, ಸಂತೆ ದಿನವೂ ಇಲ್ಲ. ತಿನ್ನಲಿಕ್ಕೆ ಬಾಳೆಹಣ್ಣು, ಮಂಡಕ್ಕಿ, ಕಾಫಿ. ರಂಜಾನ್ ತಿಂಗಳಲ್ಲಿ ಅದೂ ಇಲ್ಲ. ಜಾಗ ಯಾರ ದೇವರ ಜಾಗವೂ ಅಲ್ಲ, ಶಾಲೆಯ ವರಾಂಡ. ಕುರ್ಚಿ ಹಾಕಿದರೆ ಮುಂದಿನ ಸಾಲು, ಹಿಂದಿನ ಸಾಲು ಅಂತ ಆಗುತ್ತದೆ. ಹಾಗಾಗಿ ಜಮಖಾನ ಹಾಸುತ್ತೇವೆ. ಮೊಣಕಾಲು ನೋವಿರುವವರಿಗೆ ಮಾತ್ರ ಕುರ್ಚಿ. ಈಚೆಗೆ ಅಂಥವರೇ ಜಾಸ್ತಿ, ಅದು ಬೇರೆ ಮಾತು.

ಸಭೆಗೆ ಮುಂಚೆ ಪಟ್ಟಿಯಲ್ಲಿರುವ ಒಬ್ಬೊಬ್ಬರ ಮನೆಗೂ ಇಬ್ಬರು ಜೊತೆಯಾಗಿ ಹೋಗಿ. ಪೆನ್ನು, ಪೇಪರು, ಮೊಬೈಲು ತೆಗೆಯಬೇಡಿ. ಮೂರೇ ಪ್ರಶ್ನೆ ಕೇಳಿ. ಬೇರೆ ಸಮುದಾಯದವರು ನಿಮಗೆ ಮಾಡಿದ ಒಂದು ಉಪಕಾರ ಹೇಳಿ. ಇಷ್ಟು ವರ್ಷದಲ್ಲಿ ಮನಸ್ಸಿಗೆ ಬೇಜಾರಾದ ಒಂದು ಸಂಗತಿ ಹೇಳಿ. ಮುಂದಿನ ವರ್ಷ ಯಾವುದು ಮತ್ತೆ ಆಗಬಾರದು? ಎರಡನೇ ಪ್ರಶ್ನೆಗೆ ಉತ್ತರ ಬರುವಾಗ ಸುಮ್ನೆ ಕೇಳಿ. "ಇಲ್ಲ, ಅದು ಹಾಗಲ್ಲ" ಅಂತ ಬಾಯಿ ಹಾಕಿದರೆ ಅಲ್ಲಿಗೆ ಮುಗಿಯಿತು. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಹೇಳಬೇಡಿ.

ಹಂತ 4: ಹಬ್ಬಗಳ ಒಂದೇ ಕ್ಯಾಲೆಂಡರ್ ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯ ಇದ್ದರೆ ಇದನ್ನು ಮಾಡಿ.

ಗಣೇಶ ಚೌತಿ ಭಾದ್ರಪದ ಶುದ್ಧ ಚತುರ್ಥಿಗೆ, ಅಂದರೆ ಅಮಾವಾಸ್ಯೆ ಕಳೆದು ನಾಲ್ಕನೇ ದಿನ. ಈದ್ ಮಿಲಾದ್ ರಬೀ ಉಲ್ ಅವ್ವಲ್ ತಿಂಗಳ 12ಕ್ಕೆ. ಎರಡೂ ಚಂದ್ರನ ಲೆಕ್ಕವೇ. ಈ ಎರಡು ತಿಂಗಳು ಒಂದೇ ಸಲ ಬಿದ್ದರೆ ಹಬ್ಬಗಳ ನಡುವೆ ಎಂಟು, ಒಂಬತ್ತು ದಿನ ಅಷ್ಟೇ ಅಂತರ. ಒಂದು ಕಡೆ ಗಣಪತಿ ಕೂತಿರುತ್ತಾನೆ, ಇನ್ನೊಂದು ಕಡೆ ಹಸಿರು ಬಾವುಟ ಕಟ್ಟುತ್ತಿರುತ್ತಾರೆ, ಅದೇ ಲೈಟ್ ಕಂಬಕ್ಕೆ. 2023, 2024, 2025 ಮೂರು ವರ್ಷವೂ ಹೀಗೇ ಆಯಿತು. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ, ಮಿಲಾದ್ 16ಕ್ಕೆ. ನಮ್ಮ ಪಂಚಾಂಗದಲ್ಲಿ ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ, ಮುಸ್ಲಿಮರ ಹಿಜರಿ ಲೆಕ್ಕದಲ್ಲಿ ಅದು ಇಲ್ಲ. ಅದಕ್ಕೇ 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಚೌತಿ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ, ಮಿಲಾದ್ ಆಗಸ್ಟ್ ಕೊನೆಯ ವಾರಕ್ಕೆ. ಯುಗಾದಿ, ರಂಜಾನ್ ಹಬ್ಬದ್ದೂ ಇದೇ ಕಥೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ರಂಜಾನ್ ಮಾರನೇ ದಿನವೇ.

ಹಬ್ಬಗಳು ಯಾವಾಗ ಹತ್ತಿರ ಬರುತ್ತವೆ ಅಂತ ವರ್ಷಗಳ ಮುಂಚೆಯೇ ಹೇಳಬಹುದು. ಆದರೂ ಪ್ರತಿ ಸಲ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಸ್ಟೇಷನ್ನಿನಲ್ಲಿ ಶಾಂತಿ ಸಭೆ ಕರೆಯುತ್ತಾರೆ, ನಾವೂ ಹೋಗಿ ಟೀ ಕುಡಿದು ಬರುತ್ತೇವೆ. ಆ ಹೊತ್ತಿಗೆ ಮೆರವಣಿಗೆಯ ಪರ್ಮಿಷನ್ನು, ಡಿಜೆ ಅಡ್ವಾನ್ಸು ಎಲ್ಲ ಆಗಿಹೋಗಿರುತ್ತದೆ. ಆ ಸಭೆ ಬೇಡ ಅನ್ನುತ್ತಿಲ್ಲ. ಅದಕ್ಕೆ ಎರಡು ತಿಂಗಳು ಮುಂಚೆ ನಿಮ್ಮದೊಂದು ಆಗಲಿ.

ಮಾಡುವುದು ಹೀಗೆ. ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆಯಿರಿ. ಊರ ಜಾತ್ರೆ, ರಥೋತ್ಸವ, ಉರುಸು, ಮಹಾವೀರ ಜಯಂತಿ, ಗುಡ್ ಫ್ರೈಡೆ, ದತ್ತ ಜಯಂತಿ, ಅಂಬೇಡ್ಕರ್ ಜಯಂತಿ ಎಲ್ಲವನ್ನೂ ಬೇರೆ ಬೇರೆ ಬಣ್ಣದಲ್ಲಿ ಹಾಕಿ. ಒಂದು ವಾರದೊಳಗೆ ಎರಡು ಬಣ್ಣ ಬಂದ ಕಡೆ ಸುತ್ತು ಹಾಕಿ. ಸುತ್ತು ಹಾಕಿದ ಪ್ರತಿಯೊಂದಕ್ಕೂ ಐದು ವಿಷಯ ಕೂತು ಮಾತಾಡಿ: ಯಾವ ಬೀದಿ, ಎಷ್ಟು ಗಂಟೆಗೆ, ಮಸೀದಿ ಅಥವಾ ಗುಡಿ ಮುಂದೆ ಎಷ್ಟು ಹೊತ್ತು, ಯಾವ ಕಂಬಕ್ಕೆ ಯಾರ ಬಂಟಿಂಗ್ಸು, ಹಬ್ಬ ಆದ ಮೇಲೆ ಎಷ್ಟು ದಿನದಲ್ಲಿ ಬಿಚ್ಚಬೇಕು. ಬಂಟಿಂಗ್ಸ್ ಬಿಚ್ಚುವುದು ಚಿಲ್ಲರೆ ವಿಷಯ ಅನ್ನಿಸಬಹುದು. ನಮ್ಮ ಊರಲ್ಲಿ ಹೆಚ್ಚು ಜಗಳ ಆಗಿದ್ದೇ ಅದಕ್ಕೆ.

ಮೈಕಿನ ವಿಷಯ ಬಂದಾಗ ಕಾನೂನನ್ನು ಎಲ್ಲರಿಗೂ ಒಂದೇ ಸಲ ಓದಿ ಹೇಳಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಮಿತಿ. ಇದು ಆಜಾನಿಗೂ ಅಷ್ಟೇ, ಸುಪ್ರಭಾತಕ್ಕೂ ಅಷ್ಟೇ, ಆರ್ಕೆಸ್ಟ್ರಾಗೂ ಅಷ್ಟೇ. ಒಬ್ಬರ ಕಡೆಗೆ ಮಾತ್ರ ಬೆರಳು ತೋರಿಸಿ ಓದಿದರೆ ಕಾನೂನು ಓದಿದ ಹಾಗಾಗುವುದಿಲ್ಲ, ಕಾಲು ಕೆರೆದ ಹಾಗಾಗುತ್ತದೆ.

ಹಂತ 5: ದೊಡ್ಡ ಜಗಳದಿಂದ ಶುರು ಮಾಡಬೇಡಿ

ಚಿಕ್ಕಮಗಳೂರಿನ ಹುಡುಗರು ಬಳಗ ಕಟ್ಟಿದ ತಕ್ಷಣ "ಬಾಬಾಬುಡನ್‌ಗಿರಿ ವಿಷಯ ಮಾತಾಡೋಣ" ಅನ್ನುತ್ತಾರೆ. ಬೇಡ. ಯೆಮನ್‌ನಿಂದ ಏಳು ಕಾಫಿ ಬೀಜ ತಂದರು ಅಂತ ಬಾಬಾ ಬುಡನ್ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಗಿರಿಯ ಗುಹೆಯನ್ನು ದತ್ತಾತ್ರೇಯ ಪೀಠ ಅಂತ ನಂಬುವವರೂ ನಮ್ಮವರೇ. ಆಡಳಿತ ಯಾರದ್ದು, ಪೂಜೆ ಯಾರದ್ದು ಅನ್ನುವುದು ದಶಕಗಳಿಂದ ಕೋರ್ಟು ಕಂಡಿರುವ ವಿಷಯ. ಹತ್ತು ಜನರ ಬಳಗ ಜಮಖಾನದ ಮೇಲೆ ಕೂತು ಬಿಡಿಸುವ ಗಂಟಲ್ಲ ಅದು. ಆದರೆ ಗಿರಿಗೆ ಹೋಗುವ ಎಲ್ಲರಿಗೂ ಬೇಕಾದ ಕುಡಿಯುವ ನೀರು, ಕಸ, ಪಾರ್ಕಿಂಗ್ ಬಗ್ಗೆ ಒಟ್ಟಿಗೆ ಒಂದು ಅರ್ಜಿ ಕೊಡಬಹುದು.

ಮೊದಲ ವರ್ಷ ಕೈಗೆಟುಕುವ ಕೆಲಸ ತೆಗೆದುಕೊಳ್ಳಿ. ಕೆರೆ ಹೂಳು, ಸ್ಮಶಾನ ಮತ್ತು ಖಬರಸ್ತಾನಕ್ಕೆ ಹೋಗುವ ದಾರಿ, ರಕ್ತದಾನ, ಮಳೆಗಾಲದ ತಯಾರಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ಮನೆ ಕಳೆದುಕೊಂಡವರಿಗೆ ಬೇಕಾಗಿದ್ದು ಅಕ್ಕಿ, ಕಂಬಳಿ, ತಲೆ ಮೇಲೊಂದು ಸೂರು. ಚರ್ಚಿನ ಹಾಲ್, ಶಾದಿಮಹಲ್, ಕಲ್ಯಾಣಮಂಟಪದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮಳೆಗೆ ಮುಂಚೆಯೇ ಬರೆದಿಟ್ಟುಕೊಂಡಿರಿ. ಒಟ್ಟಿಗೆ ಕೆಸರು ಎತ್ತಿದವರು ಆಮೇಲೆ ಕಷ್ಟದ ಮಾತನ್ನೂ ಆಡಬಲ್ಲರು.

ಹಂತ 6: ಊರಿನ ಹಳೆಯ ವಾಡಿಕೆಗಳನ್ನು ಬರೆದಿಡಿ

ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ದೊಡ್ಡಮೇದೂರಿನ ಖಾಜಿಯವರು ಕುರಾನ್ ಸಾಲು ಓದಿ ವಂದನೆ ಸಲ್ಲಿಸುವ ವಾಡಿಕೆ ತಲೆಮಾರುಗಳಿಂದ ಇದೆ. 2022ರಲ್ಲಿ ಇದು ಬೇಡ ಅನ್ನುವ ಕೂಗು ಎದ್ದಿತು. ಆ ವರ್ಷ ಓದುವುದು ನಿಲ್ಲಲಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ಹುಡುಕುವುದು ಒಂದನ್ನೇ: ಎಲ್ಲಿ ಬರೆದಿದೆ? ಯಾರು, ಎಲ್ಲಿ ನಿಂತು, ಯಾವಾಗ? ನಿಮ್ಮ ಊರಲ್ಲೂ ಇಂಥ ವಾಡಿಕೆ ಇರುತ್ತದೆ. ಜಾತ್ರೆಗೆ ಪಂಜು ಹಿಡಿಯುವ ಸಾಬರ ಮನೆ, ಉರುಸಿಗೆ ಮೊದಲ ಸಕ್ಕರೆ ಓದಿಸುವ ಗೌಡರ ಮನೆ, ಮೊಹರಂನಲ್ಲಿ ಕೆಂಡ ಹಾಯುವ ಹರಕೆ. ಹಿರಿಯರು ಇರುವಾಗಲೇ ಅವರ ಬಾಯಲ್ಲೇ ಕೇಳಿ ರೆಕಾರ್ಡ್ ಮಾಡಿ. ಎರಡು ಕಡೆಯವರಿಂದಲೂ ಕೇಳಿ. ಕಥೆ ಸ್ವಲ್ಪ ಬೇರೆ ಬೇರೆ ಬಂದರೆ ಎರಡನ್ನೂ ಬರೆಯಿರಿ.

ಒಂದು ಎಚ್ಚರಿಕೆ. ಚರಿತ್ರೆಯನ್ನು ಸಭೆಯಲ್ಲಿ ದೊಣ್ಣೆ ಮಾಡಿಕೊಳ್ಳಬೇಡಿ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಲೂಟಿ ಮಾಡಿತು. ಆಗ ಟಿಪ್ಪು ಮಠಕ್ಕೆ ನೆರವು ಕಳಿಸಿದ. ಅವನ ಪತ್ರಗಳು 1916ರಲ್ಲಿ ಮಠದಲ್ಲೇ ಸಿಕ್ಕವು. ಇದು ನಿಜ. ಆದರೆ ನಮ್ಮ ಸಭೆಯಲ್ಲಿ ಟಿಪ್ಪು ಹೆಸರು ಎತ್ತಿದ ದಿನ ಮೋರಿ ರಿಪೇರಿ ಮಾತು ಅಲ್ಲೇ ನಿಂತುಹೋಯಿತು. ಚರಿತ್ರೆಗೆ ಬೇರೆ ದಿನ ಇಡಿ, ಓದಿಕೊಂಡವರನ್ನು ಕರೆಸಿ.

ಹಂತ 7: ಹೆಂಗಸರು ಇಲ್ಲದ ಬಳಗ ಅರ್ಧ ಬಳಗ

ದೇವಸ್ಥಾನ ಸಮಿತಿ, ಜಮಾತು, ಚರ್ಚ್ ಕಮಿಟಿ ಎಲ್ಲ ಕಡೆ ಗಂಡಸರೇ ತುಂಬಿರುತ್ತಾರೆ. ಅವರನ್ನು ಕೇಳಿ ಹೆಂಗಸರ ಹೆಸರು ಬರೆದರೆ ಅವರ ಸೊಸೆಯರ ಹೆಸರೇ ಬರುತ್ತದೆ. ಸ್ತ್ರೀಶಕ್ತಿ ಸಂಘ, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯರ ಹತ್ತಿರ ನೇರವಾಗಿ ಹೋಗಿ. ಅವರು ಎಲ್ಲ ಬೀದಿಯ ಮನೆಗಳ ಒಳಗೂ ಹೋಗಿ ಬರುವವರು. ಯಾವ ಮನೆಯ ಹುಡುಗ ರಾತ್ರಿ ಎಲ್ಲಿರುತ್ತಾನೆ ಅಂತ ಅವರಿಗೆ ಗೊತ್ತು.

ಲೈಬೀರಿಯಾದಲ್ಲಿ 2003ರಲ್ಲಿ ಚರ್ಚಿನ ಹೆಂಗಸರು, ಮಸೀದಿಯ ಹೆಂಗಸರು ಒಟ್ಟಿಗೆ ಬಿಳಿ ಬಟ್ಟೆ ಹಾಕಿ ಮೀನು ಮಾರ್ಕೆಟ್ ಹತ್ತಿರದ ಬಯಲಲ್ಲಿ ದಿನಾ ಕೂತರು. ಅಧ್ಯಕ್ಷನೂ ಬಂಡುಕೋರರೂ ಮಾತುಕತೆಗೆ ಹೋಗುವಂತೆ ಒತ್ತಾಯ ತಂದರು. ಆ ವರ್ಷ ಆಗಸ್ಟ್‌ನಲ್ಲಿ ಶಾಂತಿ ಒಪ್ಪಂದ ಆಯಿತು. ಅವರ ಮುಂದಾಳು ಲೇಮಾ ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಬಿಸಿ ರಕ್ತದ ಹುಡುಗರನ್ನೂ ಹೊರಗಿಡಬೇಡಿ. ನೈಜೀರಿಯಾದ ಕಡುನಾದಲ್ಲಿ ಇಮಾಮ್ ಮುಹಮ್ಮದ್ ಅಶಾಫಾ, ಪಾಸ್ಟರ್ ಜೇಮ್ಸ್ ವುಯೆ ಇಬ್ಬರೂ ಮೊದಲು ಎದುರಾಳಿ ಗುಂಪುಗಳಲ್ಲಿ ಹೊಡೆದಾಡಿದವರು. ಒಬ್ಬರು ಕೈ ಕಳೆದುಕೊಂಡರು, ಇನ್ನೊಬ್ಬರು ಗುರುವನ್ನು ಕಳೆದುಕೊಂಡರು. 1995ರಿಂದ ಇಬ್ಬರೂ ಸೇರಿ ಸಂಧಾನದ ಕೆಲಸ ಮಾಡುತ್ತಾ ಬಂದರು. ಬರೀ ಸಾಧು ಸ್ವಭಾವದವರ ಬಳಗ ಆದರೆ ಹುಡುಗರು ನಿಮ್ಮ ಮಾತು ಕೇಳುವುದಿಲ್ಲ.

ಹಂತ 8: ಗಲಾಟೆ ಶುರುವಾದರೆ ಮೊದಲ ಎರಡು ಗಂಟೆ

ಪ್ರತಿ ಬೀದಿಗೆ ಇಬ್ಬರ ನಂಬರ್ ಇರುವ ಕಾಗದ ಎಲ್ಲರ ಮನೆಯಲ್ಲೂ ಇರಲಿ. ಸುದ್ದಿ ಬಂದ ತಕ್ಷಣ ಗ್ರೂಪಿಗೆ ಹಾಕಬೇಡಿ. ಆ ಬೀದಿಯವರಿಗೆ ಫೋನ್ ಮಾಡಿ, ಕಣ್ಣಾರೆ ಕಂಡವರು ಯಾರು ಅಂತ ಕೇಳಿ. ಕಲ್ಲು, ಬೆಂಕಿ, ಹೊಡೆದಾಟ ಇದ್ದರೆ 112ಕ್ಕೆ ಕರೆ ಮಾಡಿ, ಮಿಕ್ಕಿದ್ದು ಆಮೇಲೆ. ಜಗಳದ ಮಧ್ಯೆ ನೀವು ಒಬ್ಬರೇ ನುಗ್ಗಬೇಡಿ. ಹುಡುಗರನ್ನು ಅವರವರ ಸಮುದಾಯದ ಹಿರಿಯರೇ ಹಿಂದಕ್ಕೆ ಕರೆಯಲಿ. ಬೇರೆಯವರು ಕರೆದರೆ ಅದೇ ಇನ್ನೊಂದು ಜಗಳ.

ಒಂದು ವಿಡಿಯೊ, ಒಂದು ಭಾಷಣ ಅಪಾಯದ್ದೋ ಬರೀ ಒರಟು ಮಾತೋ ಅಂತ ಹೇಗೆ ಅಳೆಯುವುದು? ವಿಶ್ವಸಂಸ್ಥೆಯ ಮುಂದಾಳತ್ವದಲ್ಲಿ 2012ರಲ್ಲಿ ಬಂದ ರಬಾತ್ ಕಾರ್ಯಯೋಜನೆ ಆರು ಪ್ರಶ್ನೆ ಕೊಡುತ್ತದೆ. ಯಾವ ಸಂದರ್ಭದಲ್ಲಿ ಹೇಳಿದ್ದು? ಹೇಳಿದವರ ಪ್ರಭಾವ ಎಷ್ಟು? ಉದ್ದೇಶ ಏನು? ಹೇಳಿದ್ದು ಏನು, ಹೇಗೆ? ಎಷ್ಟು ಜನರಿಗೆ ತಲುಪಿದೆ? ಹಾನಿ ಆಗುವ ಸಾಧ್ಯತೆ ಎಷ್ಟು? ಕೊನೆಯ ಎರಡಕ್ಕೂ "ಜಾಸ್ತಿ" ಅಂತ ಉತ್ತರ ಬಂದರೆ ಫಾರ್ವರ್ಡ್ ಮಾಡದೆ ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ. ದ್ವೇಷ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ, ಬೇಕಂತಲೇ ಧಾರ್ಮಿಕ ಭಾವನೆ ಕೆರಳಿಸುವುದು 299ನೇ ಕಲಂ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪೆಟ್ಟು ತಿಂದವರನ್ನು ಕೂರಿಸಿಕೊಂಡು "ಊರಿನ ಶಾಂತಿಗೋಸ್ಕರ ಕಂಪ್ಲೇಂಟ್ ವಾಪಸ್ ತಗೊಳ್ಳಿ" ಅನ್ನುವುದು ಸೌಹಾರ್ದ ಬಳಗದ ಕೆಲಸ ಅಲ್ಲ. ಬೇರೆ ಧರ್ಮದ ಇಬ್ಬರು ವಯಸ್ಕರು ಮದುವೆಯಾದರೆ ಅವರನ್ನು ಹುಡುಕಿ ತರುವುದೂ ಅಲ್ಲ. ಎರಡೂ ಕಡೆಯ ಹಿರಿಯರು ಒಂದಾಗಿ ಒತ್ತಡ ಹಾಕುವುದು ಇಂಥ ವಿಷಯದಲ್ಲೇ. ಆ ಒಗ್ಗಟ್ಟಿಗೆ ಮರುಳಾಗಬೇಡಿ.

ಹಂತ 9: ಒಪ್ಪಿದ್ದನ್ನು ಬರೆಯಿರಿ, ವರ್ಷಕ್ಕೊಮ್ಮೆ ತೆರೆದು ನೋಡಿ

ಭಾರತ, ಪಾಕಿಸ್ತಾನ ಎಷ್ಟು ಕಚ್ಚಾಡುತ್ತವೆ ಅಂತ ಎಲ್ಲರಿಗೂ ಗೊತ್ತು. ಆದರೂ ಗುರು ನಾನಕರ 550ನೇ ಜಯಂತಿಯ ಹೊತ್ತಿಗೆ, 2019ರ ನವೆಂಬರ್ 9ರಂದು, ಪಾಕಿಸ್ತಾನದಲ್ಲಿರುವ ಸಿಖ್ಖರ ಕರ್ತಾರ್‌ಪುರ ಗುರುದ್ವಾರಕ್ಕೆ ಭಾರತದಿಂದ ಹೋಗುವ ದಾರಿ ತೆರೆಯಿತು. ಅದರ ಒಪ್ಪಂದದಲ್ಲಿ ಸೌಹಾರ್ದ, ಸಹೋದರತೆ ಅಂತ ಕಥೆ ಹೊಡೆದಿರಲಿಲ್ಲ. ದಿನಕ್ಕೆ 5000 ಯಾತ್ರಿಗಳು, ವೀಸಾ ಬೇಡ, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬೇಕು, ಅಂತ ಬರೆದಿತ್ತು. ಪಾಕಿಸ್ತಾನ ತಲೆಗೆ 20 ಡಾಲರ್ ಶುಲ್ಕ ಇಟ್ಟಿತು. ಮತ್ತದೇ ಸುಣ್ಣದ ಲೆಕ್ಕ.

ನಿಮ್ಮದೂ ಹಾಗೇ ಇರಲಿ. ಒಂದು ನೂರು ಪೇಜಿನ ನೋಟ್‌ಬುಕ್ ಸಾಕು. ತಾರೀಕು, ಬಂದವರು, ಒಪ್ಪಿದ್ದು, ಮಾಡುವವರ ಹೆಸರು, ಖರ್ಚು. ಒಪ್ಪದೆ ಉಳಿದಿದ್ದನ್ನೂ ಬರೆಯಿರಿ. ಎಲ್ಲರ ಸಹಿ ಹಾಕಿಸಿ ನೋಟಿಸ್ ಮಾಡಿ ಗುಡಿ, ಮಸೀದಿ, ಬಸದಿ, ಚರ್ಚಿನ ಬಾಗಿಲಲ್ಲಿ ಅಂಟಿಸಿ. ಸಾಧ್ಯವಾದರೆ ಮಸೀದಿಯಲ್ಲಿ ಗುಡಿಯವರು ಅಂಟಿಸಲಿ, ಗುಡಿಯಲ್ಲಿ ಜಮಾತಿನವರು. ಯುಗಾದಿ ಆದ ತಿಂಗಳೊಳಗೆ ಪುಸ್ತಕ ತೆರೆದು ಯಾವುದು ಆಯಿತು, ಯಾವುದು ಆಗಲಿಲ್ಲ ಅಂತ ಟಿಕ್ ಹಾಕಿ.

ನಮ್ಮ ಪುಸ್ತಕದ ಕೊನೆಯ ಬರಹ ಹೀಗಿದೆ: ವಿಸರ್ಜನೆ ಮೆರವಣಿಗೆ ಮಸೀದಿ ರಸ್ತೆ ದಾಟುವುದು ರಾತ್ರಿಯ ಇಶಾ ನಮಾಜಿಗೆ ಮುಂಚೆ. ಮೈಕು ರಾತ್ರಿ 9.45ಕ್ಕೆ ಬಂದ್, ಹೊಣೆ ಮೈಕ್ ಸೆಟ್ಟಿನವರದ್ದು. ಜಾತ್ರೆಗೆ ನೀರಿನ ಟ್ಯಾಂಕರ್ ಜಮಾತಿನಿಂದ. ಖಬರಸ್ತಾನದ ಗೇಟಿನ ಬಲ್ಬು ಇನ್ನೂ ಹಾಕಿಲ್ಲ, ಎರಡು ಸಲ ಹೇಳಿ ಆಗಿದೆ.